ಬೋಟ್ ಶೋನಲ್ಲಿ ಗಿರಾಕಿಯ ಬೆನ್ನು ಬೀಳದೆ ಮಾರೋಕೆ ಆಗುತ್ತಾ?

ಚುಕ್ಕಾಣಿ

ನಮ್ಮದು ಸಣ್ಣ ಮರೈನ್ ಸಲಕರಣೆ ವ್ಯಾಪಾರ. ಲಂಗರು, ಅದನ್ನು ಎತ್ತುವ ವಿಂಡ್ಲಾಸ್, ವಿಎಚ್‌ಎಫ್ ರೇಡಿಯೊ, ಎಐಎಸ್ (ಸುತ್ತಲಿನ ಹಡಗುಗಳನ್ನು ತೋರಿಸುವ ಸಾಧನ), ಲೈಫ್ ಜಾಕೆಟ್, ಬ್ಯಾಟರಿ, ಇಷ್ಟು. ಇದುವರೆಗೆ ಅಂಗಡಿ ಮತ್ತು ಫೋನ್ ಮೇಲೇ ನಡೆದುಕೊಂಡು ಬಂದಿದೆ. ಈ ಸೀಸನ್‌ಗೆ ಮೊದಲ ಸಲ ಬೋಟ್ ಶೋನಲ್ಲಿ ಸ್ಟಾಲ್ ತಗೊಂಡಿದ್ದೇವೆ.

ನನ್ನ ಪಾಲುದಾರರು ಒಬ್ಬ ಸೇಲ್ಸ್ ಟ್ರೈನರ್‌ನ ಕರೆಸಿದ್ದರು. ಆತ ಹೇಳಿಕೊಟ್ಟಿದ್ದು ಹೀಗೆ. ಸ್ಟಾಲ್ ದಾಟಿ ಹೋದ ಗಿರಾಕಿ ತಿರುಗಿ ಬರಲ್ಲ, ಅಲ್ಲೇ ಮುಗಿಸಿ. "ಸಂಜೆ ಶೋ ಮುಚ್ಚಿದ ಮೇಲೆ ಈ ರೇಟ್ ಇರಲ್ಲ" ಅನ್ನಿ. "ಎರಡೇ ಪೀಸ್ ಉಳಿದಿವೆ" ಅನ್ನಿ. ಗಂಡ ಹೆಂಡತಿ ಜೊತೆಗೆ ಬಂದರೆ ಇಬ್ಬರೇ ಪಕ್ಕಕ್ಕೆ ಹೋಗಿ ಮಾತಾಡಿಕೊಳ್ಳೋಕೆ ಬಿಡಬೇಡಿ. ಈ ಕೊನೆಯ ಮಾತಿಗೆ ನನಗೆ ಎದ್ದು ಹೋಗಬೇಕು ಅನಿಸಿತು.

ಹಾಗಂತ ಸುಮ್ನೆ ಒಳ್ಳೆಯವರಾಗಿ ಕೂತರೆ ಸ್ಟಾಲ್ ಬಾಡಿಗೆ, ಸಾಗಾಟ, ವಸತಿ ಯಾರು ಕೊಡ್ತಾರೆ? ಬೆನ್ನು ಬೀಳದೆ ಮಾರಿ, ಖರ್ಚೂ ಹುಟ್ಟಿಸಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ?

ಹಳೇಹಾಯಿ

ಇದ್ದೇವೆ. ಸ್ಟಾಲ್ ಹಿಂದೆ ನಿಂತೇ ಕೂದಲು ಬೆಳ್ಳಗಾಗಿದೆ.

ಮೊದಲು ನಿಮ್ಮ ಟ್ರೈನರ್ ಮಾತಿಗೆ ಬರ್ತೀನಿ. "ತಿರುಗಿ ಬರಲ್ಲ" ಅನ್ನೋದು ಪೆನ್ನು, ಟೋಪಿ ಮಾರುವವರಿಗೆ ನಿಜ. ಲಂಗರು ಕೊಳ್ಳುವವನು ಅದಕ್ಕೂ ಮುಂಚೆ ಇಡೀ ಚಳಿಗಾಲ ಓದಿರ್ತಾನೆ. ಶೋಗೆ ಬರೋದು ಕೈಯಲ್ಲಿ ಹಿಡಿದು ನೋಡೋಕೆ, ಗೊತ್ತಿರುವ ಒಬ್ಬರ ಹತ್ತಿರ ಒಂದೆರಡು ಪ್ರಶ್ನೆ ಕೇಳೋಕೆ. ಅವನು ಮೂರು ಸ್ಟಾಲ್ ಸುತ್ತಿಯೇ ಸುತ್ತುತ್ತಾನೆ. ಎಲ್ಲಿ ತನ್ನ ದೋಣಿ ಬಗ್ಗೆ ಸರಿಯಾಗಿ ಕೇಳಿದರೋ ಅಲ್ಲಿಗೆ ವಾಪಸ್ ಬರ್ತಾನೆ.

ಅದಕ್ಕೇ ನಾನು ಮೇಜಿನ ಮೇಲೆ ಬ್ರೋಷರ್‌ಗಿಂತ ಮೊದಲು ಒಂದು ಖಾಲಿ ಹಾಳೆ ಇಡ್ತೀನಿ. ದೋಣಿಯ ಉದ್ದ, ತೂಕ, ಬ್ಯಾಟರಿ ಎಲ್ಲಿದೆ, ಚೈನ್ ಎಷ್ಟು ದಪ್ಪ, ಸಾಮಾನ್ಯವಾಗಿ ಎಲ್ಲಿ ಲಂಗರು ಹಾಕ್ತೀರಿ, ಜೊತೆಗೆ ಯಾರು ಬರ್ತಾರೆ. ಮಾತಾಡ್ತಾ ಬರೆದುಕೊಂಡು ಹೋಗೋದು. ಆ ಹಾಳೆ ಗಿರಾಕಿಗೆ. ನನಗೆ ಅದರ ಫೋಟೊ ಸಾಕು.

ಒಂದು ಉದಾಹರಣೆ. ಒಬ್ಬರು ಬಂದು "ಇನ್ನೂ ಭಾರದ ಲಂಗರು ಬೇಕು, ನನ್ನದು ಜಾರುತ್ತೆ" ಅಂದರು. ಪಕ್ಕದ ಸ್ಟಾಲ್‌ನಲ್ಲಿ ಎರಡು ಸೈಜ್ ದೊಡ್ಡದಕ್ಕೆ ಆಗಲೇ ಕೊಟೇಶನ್ ಕೊಟ್ಟಿದ್ದರು. ನಾನು ಕೇಳಿದ್ದು ಎಷ್ಟು ನೀರಲ್ಲಿ, ಎಷ್ಟು ಚೈನ್ ಬಿಡ್ತೀರಿ ಅಂತ. ಐದು ಮೀಟರ್ ನೀರು, ಹದಿನೈದು ಮೀಟರ್ ಚೈನ್. ಅವರ ಲೆಕ್ಕದಲ್ಲಿ ಅದು ಒಂದಕ್ಕೆ ಮೂರು, ಅಂದರೆ ಆಳದ ಮೂರು ಪಟ್ಟು ಚೈನ್. ಆದರೆ ದೋಣಿಯ ಮೂತಿ ನೀರಿಂದ ಒಂದು ಮೀಟರ್ ಮೇಲಿದೆಯಲ್ಲ, ಅದನ್ನೂ ಸೇರಿಸಬೇಕು. ಆಗ ಒಂದಕ್ಕೆ ಎರಡೂವರೆ ಮಾತ್ರ. ಒಂದಕ್ಕೆ ಐದು ಬೇಕಂದರೆ ಮೂವತ್ತು ಮೀಟರ್ ಬಿಡಬೇಕು. "ಮೊದಲು ಚೈನ್ ಜಾಸ್ತಿ ಬಿಟ್ಟು ನೋಡಿ, ಆಮೇಲೂ ಜಾರಿದರೆ ಬನ್ನಿ" ಅಂದೆ. ಅವತ್ತು ಏನೂ ಮಾರಲಿಲ್ಲ. ಮುಂದಿನ ಸೀಸನ್‌ಗೆ ಅವರ ಚೈನ್, ವಿಂಡ್ಲಾಸ್ ಎರಡೂ ನಮ್ಮ ಹತ್ತಿರವೇ ಹೋಯಿತು. ಜೊತೆಗೆ ಇಬ್ಬರು ಸ್ನೇಹಿತರನ್ನೂ ಕರೆದುಕೊಂಡು ಬಂದರು.

ಗಾಳಿಮುಖ

ಕೇಳೋಕೆ ಚೆನ್ನಾಗಿದೆ. ಈಗ ಇನ್ನೊಂದು ಬದಿ ಹೇಳ್ತೀನಿ. ನಾನು ಸೇಲ್ಸ್ ಟೀಮ್ ನಡೆಸುವವನು.

ಇವತ್ತು ಏನೂ ಮಾರದೆ ಮುಂದಿನ ಸೀಸನ್‌ವರೆಗೆ ಕಾಯೋದು ಸ್ವಂತ ಅಂಗಡಿ ಇರೋರಿಗೆ ಸರಿ. ಕಮಿಷನ್ ಮೇಲೆ ನಿಂತ ಹುಡುಗರಿಗೆ ಅದು ಆಗಲ್ಲ. ಇನ್ನೊಂದು ವಿಷಯ. "ನಾವು ಒತ್ತಡ ಹಾಕಲ್ಲ" ಅನ್ನುವ ಎಷ್ಟೋ ಸ್ಟಾಲ್‌ಗಳಲ್ಲಿ ನಾನು ನೋಡಿದ್ದು ಏನು ಗೊತ್ತಾ? ಮೇಜಿನ ಹಿಂದೆ ಇಬ್ಬರು ಕುರ್ಚಿ ಹಾಕಿಕೊಂಡು ಮೊಬೈಲ್ ನೋಡ್ತಿರ್ತಾರೆ. ಗಿರಾಕಿ ಎರಡು ನಿಮಿಷ ನಿಂತು, ಒಂದು ಶ್ಯಾಕಲ್ ಎತ್ತಿ ನೋಡಿ ಇಟ್ಟು ಹೋಗ್ತಾನೆ. ಅದು ಮರ್ಯಾದೆ ಅಲ್ಲ, ಸೋಮಾರಿತನ.

ಗಡುವು ಇಲ್ಲದಿದ್ದರೆ ಜನ ನಿರ್ಧಾರ ಮಾಡಲ್ಲ. ಮೂರು ವರ್ಷದಿಂದ "ಲೈಫ್ ಜಾಕೆಟ್ ಬದಲಾಯಿಸಬೇಕು" ಅಂತಲೇ ಇರುವವರನ್ನು ಸ್ವಲ್ಪ ತಳ್ಳಿದರೆ ತಪ್ಪೇನು?

ಹಳೇಹಾಯಿ

ಕುರ್ಚಿ ವಿಷಯಕ್ಕೆ ನೂರಕ್ಕೆ ನೂರು ಒಪ್ಪಿದೆ. ನಮ್ಮ ಸ್ಟಾಲ್‌ನಲ್ಲಿ ಕುರ್ಚಿ ಇರೋದು ಗಿರಾಕಿಗೆ ಮಾತ್ರ.

ಉಪ್ಪುನೀರು

ಕೊಳ್ಳುವವನ ಕಡೆಯಿಂದ ಒಂದು ಕಥೆ. ಮಾರಿದವರ ಹೆಸರು ಬೇಡ.

ಶೋನ ಕೊನೆ ದಿನ. 12 ವೋಲ್ಟಿನ, 1000 ವ್ಯಾಟ್ ವಿಂಡ್ಲಾಸ್. "ಇನ್ನು ಒಂದು ಗಂಟೆ ಅಷ್ಟೇ ಸಾರ್, ಆಮೇಲೆ ಪ್ಯಾಕ್ ಮಾಡ್ತೀವಿ." ಕೈಗೆ ಪೆನ್ನು ಕೊಟ್ಟೇಬಿಟ್ಟರು. ಬ್ಯಾಟರಿ ಎಲ್ಲಿದೆ ಅಂತ ನಾನೇ ಬಾಯಿಬಿಟ್ಟು ಹೇಳಿದೆ, ಹಿಂಭಾಗದಲ್ಲಿ ಅಂತ. "ಅದೆಲ್ಲ ಇನ್‌ಸ್ಟಾಲ್ ಮಾಡುವವರು ನೋಡಿಕೊಳ್ತಾರೆ" ಅಂದರು.

ಇನ್‌ಸ್ಟಾಲ್ ಮಾಡುವವರು ನೋಡಿಕೊಂಡರು, ನಿಜ. ಬ್ಯಾಟರಿಯಿಂದ ಮೂತಿವರೆಗೆ ಹತ್ತು ಮೀಟರ್, ಹೋಗಿ ಬರೋಕೆ ಇಪ್ಪತ್ತು ಮೀಟರ್ ಕೇಬಲ್. ದಪ್ಪ ಕೇಬಲ್, ಬ್ರೇಕರ್, ಎಳೆಯುವ ಕೂಲಿ ಎಲ್ಲ ಸೇರಿ ಮೋಟಾರಿನ ಡಿಸ್ಕೌಂಟ್ ಪೂರ್ತಿ ನುಂಗಿ ಹಾಕಿತು. ಅದೂ ಹೋಗಲಿ. ಚೈನ್ ವಿಂಡ್ಲಾಸ್‌ನ ಹಲ್ಲಿನ ಚಕ್ರದಲ್ಲಿ ಕೂರಲೇ ಇಲ್ಲ. ಎರಡು ಹಲ್ಲು ಹಿಡಿಯೋದು, ಮೂರನೆಯದಕ್ಕೆ ಜಾರೋದು. ಫೋನ್ ಮಾಡಿದರೆ "ಚೈನ್ ನಿಮ್ಮದು, ನಾವು ಹೊಣೆ ಅಲ್ಲ" ಅಂದರು. ಚೈನ್ ಯಾವುದು ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ತಂತಿಮನೆ

ಮರೈನ್ ಎಲೆಕ್ಟ್ರಿಷಿಯನ್ ನಾನು. ಶೋ ಮುಗಿದ ಮುಂದಿನ ತಿಂಗಳು ನಮಗೆ ಇಂಥ ಕೇಸ್‌ಗಳದ್ದೇ ಹಬ್ಬ.

ಉಪ್ಪುನೀರು ಹೇಳಿದ್ದರ ಲೆಕ್ಕ ಹಾಕಿ ತೋರಿಸ್ತೀನಿ, ಚುಕ್ಕಾಣಿಯವರಿಗೆ ಸ್ಟಾಲ್‌ನಲ್ಲಿ ಉಪಯೋಗಕ್ಕೆ ಬರುತ್ತೆ. 1000 ವ್ಯಾಟ್ ಅಂದರೆ 12 ವೋಲ್ಟ್‌ಗೆ ಹತ್ತಿರ ಹತ್ತಿರ 80 ಆಂಪಿಯರ್. ಚೈನ್ ಎಲ್ಲಾದರೂ ಸಿಕ್ಕಿಕೊಂಡರೆ ಇನ್ನೂ ಜಾಸ್ತಿ. ಇಪ್ಪತ್ತು ಮೀಟರ್ ತಾಮ್ರದ ತಂತಿ 16 ಚದರ ಮಿಲಿಮೀಟರ್ ದಪ್ಪದ್ದಾದರೆ ದಾರಿಯಲ್ಲೇ 1.75 ವೋಲ್ಟ್ ಕಳೆದುಹೋಗುತ್ತೆ. 35ರದ್ದಾದರೆ 0.8. 50ರದ್ದಾದರೆ 0.56. ಮೊದಲನೆಯದರಲ್ಲಿ ಮೋಟಾರು ಮುಲುಗುತ್ತೆ, ತಂತಿ ಬಿಸಿಯಾಗುತ್ತೆ. ಈ ನಾಲ್ಕು ಅಂಕಿ ಒಂದು ಕಾರ್ಡ್ ಮೇಲೆ ಪ್ರಿಂಟ್ ಮಾಡಿ ವಿಂಡ್ಲಾಸ್ ಪಕ್ಕ ಇಡಿ. ಪಕ್ಕದಲ್ಲಿ 16ರ ಒಂದು ತುಂಡು, 50ರ ಒಂದು ತುಂಡು ಕೇಬಲ್ ಇರಲಿ. ಗಿರಾಕಿ ಎರಡನ್ನೂ ಕೈಯಲ್ಲಿ ಹಿಡಿದ ಕ್ಷಣ ವಿಷಯ ಅರ್ಥ ಆಗುತ್ತೆ. ಭಾಷಣ ಬೇಕಾಗಲ್ಲ.

ಲಿಥಿಯಂ ಬ್ಯಾಟರಿ ಮಾರುವಾಗಲೂ ಇದೇ ಗೋಳು. "ಹಳೇದನ್ನು ತೆಗೆದು ಇದನ್ನು ಇಡಿ, ಅಷ್ಟೇ" ಅಂತ ಹೇಳಿ ಮಾರ್ತಾರೆ. ಅಷ್ಟೇ ಅಲ್ಲ. ಲೆಡ್ ಬ್ಯಾಟರಿ ತುಂಬ್ತಾ ಹೋದ ಹಾಗೆ ತಾನೇ ಕರೆಂಟ್ ಕಮ್ಮಿ ಎಳೆಯುತ್ತೆ. ಲಿಥಿಯಂ ಐರನ್ ಫಾಸ್ಫೇಟ್ ಹಾಗಲ್ಲ, ತುಂಬುವವರೆಗೂ ಸಿಕ್ಕಷ್ಟೂ ಎಳೆಯುತ್ತೆ. ಎಂಜಿನ್ ನಿಧಾನಕ್ಕೆ ಓಡ್ತಿರುವಾಗ ಅದರಿಂದ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಸಾಕಷ್ಟು ಗಾಳಿ ಸಿಗಲ್ಲ, ಕಾದು ಸುಟ್ಟೇ ಹೋಗಬಹುದು. ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಏನೋ ತೊಂದರೆ ಕಂಡು ಪಟ್ ಅಂತ ಬ್ಯಾಟರಿಯನ್ನು ಕಡಿದು ಹಾಕಿದರೆ ಆಲ್ಟರ್ನೇಟರ್‌ನ ಡಯೋಡ್ ಹಾರುತ್ತೆ. ಚಾರ್ಜರ್, ರೆಗ್ಯುಲೇಟರ್ ಯಾವುದು ಅಂತ ಕೇಳದೆ ಲಿಥಿಯಂ ಮಾರೋದು ಮಾರಾಟವೇ ಅಲ್ಲ.

ಹಳೇಹಾಯಿ

ಚೈನ್ ವಿಷಯಕ್ಕೆ ಒಂದು ಸೇರಿಸ್ತೀನಿ, ಯಾಕಂದ್ರೆ ಇಲ್ಲಿ ತುಂಬ ಜನ ಮೋಸ ಹೋಗ್ತಾರೆ. 10 ಮಿಲಿಮೀಟರ್ ಚೈನ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಜರ್ಮನ್ ಮಾನದಂಡ ಡಿಐಎನ್ 766 ಅಳತೆಯಲ್ಲಿ ಕೊಂಡಿಯ ಒಳ ಉದ್ದ 28 ಮಿಲಿಮೀಟರ್, ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4565ರಲ್ಲಿ 30. ಎರಡೇ ಮಿಲಿಮೀಟರ್ ವ್ಯತ್ಯಾಸ. ಅಷ್ಟಕ್ಕೇ ಚಕ್ರದ ಹಲ್ಲು ತಪ್ಪುತ್ತೆ. ಕಣ್ಣಳತೆಯಲ್ಲಿ ಗೊತ್ತಾಗಲ್ಲ.

ಶೋಗೆ ಮುಂಚೆ ನಮ್ಮ ಗಿರಾಕಿಗಳಿಗೆ ಒಂದು ಮೆಸೇಜ್ ಕಳಿಸ್ತೀವಿ. "ವಿಂಡ್ಲಾಸ್ ನೋಡೋಕೆ ಬರೋದಾದರೆ ನಿಮ್ಮ ಚೈನ್‌ನ ತುಂಡು ಇದ್ದರೆ ತನ್ನಿ. ಇಲ್ಲದಿದ್ದರೆ ಹತ್ತು ಕೊಂಡಿ ಸಾಲಾಗಿಟ್ಟು ಟೇಪ್ ಹಿಡಿದು ಫೋಟೊ ತೆಗೆಯಿರಿ." ಮೇಜಿನ ಮೇಲೆ ಬೇರೆ ಬೇರೆ ಚಕ್ರ ಬಿಚ್ಚಿಟ್ಟಿರ್ತೀವಿ. ಗಿರಾಕಿ ತಾನೇ ತುಂಡು ಇಟ್ಟು ತಿರುಗಿಸ್ತಾನೆ, ಯಾವುದಕ್ಕೆ ಕೂತಿತೋ ಅದು. ಅಷ್ಟು ಹೊತ್ತು ಅಲ್ಲಿ ನಿಂತವನಿಗೆ "ಇವತ್ತೇ ತಗೊಳ್ಳಿ" ಅಂತ ಯಾರೂ ಹೇಳಬೇಕಾಗಿಲ್ಲ.

ಗಾಳಿಮುಖ

ಸರಿ, ಇದು ಒಳ್ಳೆ ಡೆಮೊ. ಒಪ್ಪಿದೆ. ಇದನ್ನು ನಾನು ಕದಿಯೋದು ಖಂಡಿತ.

ತೀರದಾಚೆ

ಸುರಕ್ಷತಾ ತರಬೇತಿ ಕೊಡುವವಳು ನಾನು. ಇಲ್ಲಿ ಯಾರೂ ಮುಟ್ಟದ ಒಂದು ವಿಷಯ ಇದೆ. ಹೆದರಿಸಿ ಮಾರೋದು. ಡಿಸ್ಕೌಂಟ್ ಗಡುವಿಗಿಂತ ನನಗೆ ಜಾಸ್ತಿ ಸಿಟ್ಟು ಬರೋದು ಇದಕ್ಕೆ.

ಲೈಫ್ ರಾಫ್ಟ್ ಸ್ಟಾಲ್‌ನಲ್ಲಿ ಕಿವಿಯಾರೆ ಕೇಳಿದ್ದು: "ಮಕ್ಕಳ ಜೀವಕ್ಕಿಂತ ದುಡ್ಡು ಹೆಚ್ಚಾ ನಿಮಗೆ?" ಎದುರಿಗೆ ನಿಂತಿದ್ದವರು ದಡ ಕಾಣುವ ಕೆರೆಯಲ್ಲಿ ದೋಣಿ ಬಿಡುವವರು. ಅವರಿಗೆ ರಾಫ್ಟ್ ಯಾಕೆ ಬೇಕು?

ಲೈಫ್ ಜಾಕೆಟ್‌ಗೂ ಹಾಗೇ. ಐಎಸ್‌ಒ 12402ರಲ್ಲಿ 50, 100, 150, 275 ನ್ಯೂಟನ್ (ತೇಲಿಸುವ ಶಕ್ತಿಯ ಅಳತೆ) ಅಂತ ಮಟ್ಟಗಳಿವೆ. 50 ಈಜು ಬರುವವರಿಗೆ, ದಡದ ಹತ್ತಿರ, ಸಹಾಯ ಪಕ್ಕದಲ್ಲೇ ಇರುವಾಗ. 100 ತಂಗಾಳಿಯ ಶಾಂತ ನೀರಿಗೆ. 150 ಕಡಲಿಗೆ. 275 ದೂರದ ಕಡಲಿಗೆ, ಮೈಮೇಲೆ ಭಾರದ ಬಟ್ಟೆ, ಸಲಕರಣೆ ಇರುವವರಿಗೆ. "ಜಾಸ್ತಿ ನ್ಯೂಟನ್ ಅಂದರೆ ಜಾಸ್ತಿ ಸೇಫ್" ಅಂತ ಎಲ್ಲರಿಗೂ 275 ಹಚ್ಚಿ ಕಳಿಸೋರಿದ್ದಾರೆ. ದಪ್ಪ, ಭಾರ. ಮನೆಗೆ ಹೋದ ಮೇಲೆ ಅದು ಲಾಕರ್ ಸೇರುತ್ತೆ. ಹಾಕಿಕೊಳ್ಳದ ಜಾಕೆಟ್‌ಗೆ ಎಷ್ಟು ನ್ಯೂಟನ್ ಇದ್ದರೇನು?

ನಾನು ಸ್ಟಾಲ್‌ನಲ್ಲಿ ನಿಂತರೆ ಮಾಡೋದು ಇಷ್ಟು. ಮೊದಲು ತೊಡಿಸ್ತೀನಿ, ತೊಡೆಸಂದಿನ ಪಟ್ಟಿ ಸಮೇತ. ಆಮೇಲೆ ಹೆಗಲ ಮೇಲೆ ಹಿಡಿದು ಮೇಲಕ್ಕೆ ಎಳೀತೀನಿ. ಪಟ್ಟಿ ಬಿಗಿ ಇಲ್ಲದಿದ್ದರೆ ಜಾಕೆಟ್ ಕಿವಿವರೆಗೆ ಬರುತ್ತೆ. ನೀರಲ್ಲೂ ಆಗೋದು ಅದೇ. ಎಲ್ಲರೂ ಅಲ್ಲಿ ಒಂದು ಸಲ ನಗ್ತಾರೆ, ಆಮೇಲೆ ತಾವೇ ಪಟ್ಟಿ ಬಿಗಿ ಮಾಡಿಕೊಳ್ತಾರೆ.

ಇನ್ನೊಂದು. "ನಿಮ್ಮ ಹಳೇ ಜಾಕೆಟ್ ತನ್ನಿ, ಪುಕ್ಕಟೆ ನೋಡಿಕೊಡ್ತೀವಿ" ಅಂತ ಬೋರ್ಡ್ ಹಾಕಿ. ಜಾಕೆಟ್ ಉಬ್ಬಿಸುವ ಗ್ಯಾಸ್ ಸಿಲಿಂಡರ್ ಕೈಯಲ್ಲಿ ತಿರುಗಿಸಿ ನೋಡಿ. ಅಲುಗಾಟಕ್ಕೆ ಎಷ್ಟೋ ಜಾಕೆಟ್‌ಗಳಲ್ಲಿ ಅದು ಸಡಿಲ ಆಗಿರುತ್ತೆ. ಸಡಿಲ ಇದ್ದರೆ ಗ್ಯಾಸ್ ಚೀಲಕ್ಕೆ ಹೋಗದೆ ಸೋರಿಹೋಗಬಹುದು. ಮಾದರಿಗೆ ತಕ್ಕ ಸಿಲಿಂಡರೇ ಇದೆಯಾ ನೋಡಿ, 150 ನ್ಯೂಟನ್ ಜಾಕೆಟ್‌ಗೆ ಸಾಮಾನ್ಯವಾಗಿ 33 ಗ್ರಾಂದು. ನೀರು ತಾಗಿದರೆ ಜಾಕೆಟ್ ತಾನೇ ಉಬ್ಬುವ ಹಾಗೆ ಮಾಡುವ ಆಟೊಮ್ಯಾಟಿಕ್ ಕಾರ್ಟ್ರಿಜ್ ಮೇಲಿನ ತಾರೀಕು ಓದಿ ಹೇಳಿ. ಸರಿ ಇದ್ದರೆ "ಸರಿ ಇದೆ, ಹೊಸದು ಬೇಡ" ಅನ್ನಿ. ಇಲ್ಲದಿದ್ದರೆ ರೀಆರ್ಮಿಂಗ್ ಕಿಟ್ (ಹೊಸ ಸಿಲಿಂಡರ್, ಕಾರ್ಟ್ರಿಜ್) ಮಾರಿ. ಪೂರ್ತಿ ಜಾಕೆಟ್ ಮಾರಬೇಕಾಗಿ ಬರೋದು ಅಪರೂಪ. ಮಾರಬೇಕಾಗಿ ಬಂದಾಗ ಮಾತ್ರ ಗಿರಾಕಿ ಎರಡನೇ ಮಾತಾಡಲ್ಲ.

ಗಾಳಿಮುಖ

ಮೇಡಂ, ಆದರೆ ಕಡಲಲ್ಲಿ ಅಪಾಯ ನಿಜವೇ ತಾನೇ. ಅಪಾಯದ ಮಾತೇ ಎತ್ತದೆ ಲೈಫ್ ಜಾಕೆಟ್ ಮಾರೋದು ಹೇಗೆ?

ತೀರದಾಚೆ

ಎತ್ತಿ. ಅವರ ದೋಣಿಯ ಅಪಾಯ ಎತ್ತಿ. "ಒಬ್ಬರೇ ಹೋಗ್ತೀರಾ? ರಾತ್ರಿ ಹೋಗ್ತೀರಾ? ನೀರಿಗೆ ಬಿದ್ದರೆ ನಿಮ್ಮನ್ನು ಮೇಲೆತ್ತೋಕೆ ದೋಣಿಯಲ್ಲಿ ಯಾರಿರ್ತಾರೆ, ಅವರಿಗೆ ಅಷ್ಟು ಶಕ್ತಿ ಇದೆಯಾ?" ಇವೆಲ್ಲ ಭಯ ಹುಟ್ಟಿಸುವ ಪ್ರಶ್ನೆಗಳೇ, ಆದರೆ ಉತ್ತರ ಅವರ ಕೈಯಲ್ಲಿದೆ. ಕೆಲವು ಸಲ ಉತ್ತರ ಜಾಕೆಟ್ ಆಗಿರಲ್ಲ, ಒಂದು ಏಣಿ ಆಗಿರುತ್ತೆ. ನಿಮ್ಮ ಹತ್ತಿರ ಏಣಿ ಇಲ್ಲದಿದ್ದರೆ ಯಾವ ಸ್ಟಾಲ್‌ನಲ್ಲಿ ಸಿಗುತ್ತೆ ಅಂತ ಹೇಳಿ ಕಳಿಸಿ.

ಚುಕ್ಕಾಣಿ

ತುಂಬ ಒಳ್ಳೆ ವಿಷಯ ಸಿಕ್ತು, ಎಲ್ಲರಿಗೂ ಥ್ಯಾಂಕ್ಸ್. ಈಗ ಕಷ್ಟದ ಪ್ರಶ್ನೆ. ಶೋ ರೇಟ್ ಏನು ಮಾಡೋದು? ಸುತ್ತಮುತ್ತ ಎಲ್ಲರೂ "ಶೋ ಸ್ಪೆಷಲ್" ಅಂತ ಹಾಕಿರ್ತಾರೆ. ನಾವು ಹಾಕದಿದ್ದರೆ ದುಬಾರಿ ಅನ್ನೋ ಹೆಸರು. ಹಾಕಿದರೆ ಗಡುವು ಹೇಳಲೇಬೇಕು. ಪಾಲುದಾರರು ಇದೊಂದನ್ನು ಬಿಟ್ಟುಕೊಡಲ್ಲ.

ಹಳೇಹಾಯಿ

ಬಿಟ್ಟುಕೊಡಬೇಕಾಗಿಲ್ಲ. ಗಡುವಿಗೆ ನಿಜವಾದ ಕಾರಣ ಇರಬೇಕು, ಆ ಕಾರಣ ಹೇಳೋಕೆ ಬಾಯಿ ಬರಬೇಕು, ಅಷ್ಟೇ.

ಡಿಸ್‌ಪ್ಲೇ ಪೀಸ್‌ಗೆ ನಿಜವಾದ ಕಾರಣ ಇದೆ. ಕೊನೆ ದಿನ ಅದನ್ನು ಪ್ಯಾಕ್ ಮಾಡಿ ವಾಪಸ್ ಸಾಗಿಸೋದು ನನಗೆ ಖರ್ಚು. ಅದಕ್ಕೆ "ಇದನ್ನು ಇಲ್ಲಿಂದಲೇ ಒಯ್ದರೆ ಇಷ್ಟು ಕಮ್ಮಿ, ಜನ ಮುಟ್ಟಿದ ಪೀಸು, ಗೀರು ಇಲ್ಲಿದೆ ನೋಡಿ" ಅಂತ ಚೀಟಿ ಅಂಟಿಸ್ತೀನಿ. ಅದಕ್ಕೆ ಮಾತ್ರ ಶೋ ಮುಚ್ಚುವ ಹೊತ್ತೇ ಗಡುವು. ಯಾರಿಗೂ ಅನುಮಾನ ಬರಲ್ಲ.

ತಯಾರಕರು ಕೊಡುವ ರಿಯಾಯಿತಿಗೆ ಅವರೇ ಹಾಕಿದ ತಾರೀಕು ಇರುತ್ತೆ. ಅದನ್ನು ಹಾಗೇ ಬರೆಯಿರಿ, ನಿಮ್ಮದೊಂದು ಗಡುವು ಅದರ ಮೇಲೆ ಸೇರಿಸಬೇಡಿ.

ಉಳಿದ ಎಲ್ಲಕ್ಕೂ ನಮ್ಮದು ಶೋ ಮುಗಿದ ಮೇಲೆ ಎರಡು ವಾರ. ಕೊಟೇಶನ್ ಮೇಲೇ ತಾರೀಕು ಬರೆದಿರುತ್ತೆ. ಮನೆಗೆ ಹೋಗಿ ಟೇಪ್ ಹಿಡಿದು ಅಳೆದು, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡೋಕೆ ಅಷ್ಟು ಸಮಯ ಬೇಕು. ಅಳತೆ ಇಲ್ಲದೆ ಮಾರಿದ ವಿಂಡ್ಲಾಸ್ ವಾಪಸ್ ಬಂದರೆ ಎರಡು ಕಡೆ ಸಾಗಾಟ ನಮ್ಮದೇ ತಲೆಮೇಲೆ. ಪಾಲುದಾರರಿಗೆ ಈ ಲೆಕ್ಕ ಹಾಕಿ ತೋರಿಸಿ. ನೀತಿಯ ಮಾತಿಗಿಂತ ಇದು ಬೇಗ ತಲೆಗೆ ಹೋಗುತ್ತೆ.

ಕಾನೂನುಕಣ್ಣು

ವಾಪಸಾತಿ ಮಾತು ಬಂತು ಅಂತ ಹೇಳ್ತೀನಿ. ಶೋನಲ್ಲಿ ಕೊಂಡ ಮಾಲಿಗೆ ಮನಸ್ಸು ಬದಲಾಯಿಸುವ ಹಕ್ಕು ಇದೆಯಾ ಅನ್ನೋದು ಜಾಗದಿಂದ ಜಾಗಕ್ಕೆ ಬೇರೆ.

ಯುರೋಪಿಯನ್ ಒಕ್ಕೂಟದಲ್ಲಿ ಅಂಗಡಿಯ ಹೊರಗೆ ಮಾಡಿದ ಒಪ್ಪಂದಕ್ಕೆ 14 ದಿನ ಇದೆ. ಆದರೆ ಮೇಳದ ಸ್ಟಾಲ್ ಅಂಗಡಿಯ ಒಳಗೋ ಹೊರಗೋ? ಬರ್ಲಿನ್‌ನ ಒಂದು ಮೇಳದಲ್ಲಿ ವ್ಯಾಕ್ಯೂಮ್ ಕ್ಲೀನರ್ ಕೊಂಡ ಪ್ರಕರಣ ಒಕ್ಕೂಟದ ನ್ಯಾಯಾಲಯದವರೆಗೆ (ಕೋರ್ಟ್ ಆಫ್ ಜಸ್ಟಿಸ್) ಹೋಗಿತ್ತು. 2018ರ ಆಗಸ್ಟ್‌ನಲ್ಲಿ ಅದು ಹೇಳಿದ್ದು ಇಷ್ಟು: ಸ್ಟಾಲ್ ನೋಡಿದರೆ ಇಲ್ಲಿ ಮಾರಾಟದ ಮಾತು ಬರುತ್ತೆ ಅಂತ ಸಾಮಾನ್ಯ ಗಿರಾಕಿಗೆ ಗೊತ್ತಾಗುವ ಹಾಗಿದ್ದರೆ ಅದನ್ನು ಅಂಗಡಿ ಅಂತಲೇ ಎಣಿಸಬಹುದು. ಅಂದರೆ ಎಷ್ಟೋ ಸಲ ಆ 14 ದಿನ ಸಿಗಲ್ಲ. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಇದೆ. ಕನ್ವೆನ್ಶನ್ ಸೆಂಟರ್, ಮೇಳದ ಮೈದಾನದಂಥ ತಾತ್ಕಾಲಿಕ ಜಾಗದಲ್ಲಿ ನಡೆದ ಮಾರಾಟವನ್ನು ಮೂರನೇ ವ್ಯವಹಾರದ ದಿನದ ಮಧ್ಯರಾತ್ರಿಯೊಳಗೆ ರದ್ದು ಮಾಡಬಹುದು. ಅದಕ್ಕೂ ವಿನಾಯಿತಿಗಳಿವೆ.

ನನ್ನ ಸಲಹೆ, ಕಾನೂನು ಏನೇ ಇರಲಿ, ನಿಮ್ಮದೇ ವಾಪಸಾತಿ ಷರತ್ತು ಬಿಲ್ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿ. ಪ್ಯಾಕ್ ಒಡೆಯದಿದ್ದರೆ ಇಷ್ಟು ದಿನ, ಸಾಗಾಟ ಯಾರದ್ದು, ಅಡ್ವಾನ್ಸ್ ಪೂರ್ತಿ ವಾಪಸ್ಸೋ ಅಲ್ವೋ. ಗಿರಾಕಿ ಕೇಳುವ ಮುಂಚೆ ನೀವೇ ಓದಿ ಹೇಳಿ.

ಉಪ್ಪುನೀರು

ನನಗೆ ಆ ಬಿಲ್‌ನ ಹಿಂದುಗಡೆ ತಿಳಿಬೂದು ಬಣ್ಣದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಕೊಟ್ಟಿದ್ದರು. ಸ್ಟಾಲ್ ಬೆಳಕಲ್ಲಿ ಕಾಣೋದೇ ಇಲ್ಲ.

ಗಾಳಿಮುಖ

ಕಮಿಷನ್ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಹುಡುಗರಿಗೆ ದಿನದ ಟಾರ್ಗೆಟ್ ಕೊಟ್ಟು "ಒತ್ತಡ ಹಾಕಬೇಡ" ಅಂದರೆ ಅವರು ಯಾವ ಮಾತು ಕೇಳಬೇಕು? ಅವರ ಮೇಲಿನ ಒತ್ತಡ ಗಿರಾಕಿ ಮೇಲೆ ಇಳಿಯುತ್ತೆ, ಅಷ್ಟೇ. ಇದು ನನ್ನ ಟೀಮ್‌ನಲ್ಲೇ ದಿನಾ ನೋಡ್ತೀನಿ.

ಹಳೇಹಾಯಿ

ಇದು ಸರಿಯಾದ ಪ್ರಶ್ನೆ. ನಾವು ಶೋ ದಿನಗಳಿಗೆ ಕಮಿಷನ್ ತೆಗೆದು ದಿನಗೂಲಿ ಕೊಡ್ತೀವಿ, ಸ್ವಲ್ಪ ಜಾಸ್ತಿಯೇ. ಆಮೇಲೆ ಮೂರು ತಿಂಗಳಲ್ಲಿ ಆ ಹಾಳೆಗಳಿಂದ ಬಂದ ವ್ಯಾಪಾರದಲ್ಲಿ, ವಾಪಸ್ ಬಂದ ಮಾಲು ಕಳೆದು, ಎಲ್ಲರಿಗೂ ಸಮ ಪಾಲು. ಒಬ್ಬ ಮಾತಾಡ್ತಿರುವ ಗಿರಾಕಿಯನ್ನು ಇನ್ನೊಬ್ಬ ಕಸಿಯೋದು ಅವತ್ತೇ ನಿಂತಿತು. ಬ್ಯಾಟರಿ ಗೊತ್ತಿರುವವನ ಹತ್ತಿರ ಬ್ಯಾಟರಿ ಕೇಳುವವರನ್ನು ಕಳಿಸೋಕೆ ಯಾರಿಗೂ ಹೊಟ್ಟೆಉರಿ ಇಲ್ಲ.

ದೊಡ್ಡ ಟೀಮ್‌ನಲ್ಲಿ ಇದು ನಡೆಯುತ್ತೋ ಇಲ್ವೋ, ಅದನ್ನು ನೀವೇ ನೋಡಿ ಹೇಳಿ.

ಗಾಳಿಮುಖ

ವಾಪಸ್ ಬಂದದ್ದು ಕಳೆದು ಪಾಲು ಕೊಡೋದು ಚೆನ್ನಾಗಿದೆ. ಸಮ ಪಾಲು ನನ್ನವರು ಒಪ್ಪಲ್ಲ. ಜೋರಾಗಿ ಮಾರುವ ಹುಡುಗ ಮೊದಲ ದಿನವೇ ಬೇರೆ ಕಡೆ ಹೋಗ್ತಾನೆ.

ತಂತಿಮನೆ

ಹೋಗಲಿ ಬಿಡಿ ಸಾರ್. ಅವನು ಮಾರಿದ್ದನ್ನು ಸರಿಮಾಡೋಕೆ ನಾವಿದ್ದೇವೆ.

ಹಳೇಹಾಯಿ

ಶೋ ನಂತರದ ಫೋನ್ ಬಗ್ಗೆಯೂ ಹೇಳಿಬಿಡ್ತೀನಿ. ನಂಬರ್ ಕೇಳುವಾಗಲೇ "ಒಂದೇ ಸಲ ಮೆಸೇಜ್ ಮಾಡ್ತೀವಿ, ಕೊಟೇಶನ್ ಮತ್ತು ನಿಮ್ಮ ಹಾಳೆಯ ಫೋಟೊ" ಅಂತ ಹೇಳಿ, ಅಷ್ಟೇ ಮಾಡಿ. ನಂಬರ್ ಕೊಡದವರಿಗೂ ಹಾಳೆ ಕೊಡಿ. ಬಹುಮಾನದ ಡ್ರಾ ಅಂತ ನಂಬರ್ ಗುಡ್ಡೆ ಹಾಕೋದು ಬೇಡ. ಅದರಲ್ಲಿ ದೋಣಿಯೇ ಇಲ್ಲದವರು ಅರ್ಧ ಜನ.

ಚುಕ್ಕಾಣಿ

ಪಾಲುದಾರರಿಗೆ ಇದನ್ನೆಲ್ಲ ಓದಿಸಿದೆ. ಎರಡು ವಾರದ ರೇಟ್‌ಗೆ ಒಪ್ಪಿದರು. ಸಾಗಾಟದ ಲೆಕ್ಕವೇ ಕೆಲಸ ಮಾಡಿತು. ಹಾಳೆ, ಕೇಬಲ್ ತುಂಡು, ಚಕ್ರಗಳು ರೆಡಿ ಮಾಡ್ತಿದ್ದೇವೆ. "ಎರಡೇ ಪೀಸ್" ಮಾತು ನಿಜವಾಗಿ ಎರಡೇ ಇದ್ದಾಗ ಮಾತ್ರ ಅಂತ ಬರೆದು ಅಂಟಿಸಿದ್ದೇನೆ.

ಒಂದು ಕೊನೆ ಪ್ರಶ್ನೆ. ರೇಡಿಯೊ, ಇಪರ್ಬ್ (ಅಪಾಯದಲ್ಲಿ ಉಪಗ್ರಹಕ್ಕೆ ಸಂದೇಶ ಕಳಿಸುವ ಸಾಧನ) ಇವುಗಳ ಡೆಮೊ ಹಾಲ್ ಒಳಗೆ ಹೇಗೆ? ಗಿರಾಕಿಗೆ ಗುಂಡಿ ಒತ್ತಿ ನೋಡೋಕೆ ಬಿಡಬೇಕು ಅಂತ ಆಸೆ, ಆದರೆ ಹೆದರಿಕೆ.

ತಂತಿಮನೆ

ಹೆದರಿಕೆ ಇರಲಿ, ಒಳ್ಳೆಯದು. ರೇಡಿಯೊಗೆ ಆಂಟೆನಾ ಹಾಕಬೇಡಿ, ಅದರ ಜಾಗದಲ್ಲಿ 50 ಓಮ್‌ನ ಡಮ್ಮಿ ಲೋಡ್ (ಸಿಗ್ನಲ್ ನುಂಗುವ ಸಾಧನ) ಹಾಕಿ. ಆಗ ಮೆನು, ಪರದೆ, ಗುಂಡಿ ಎಲ್ಲ ನೋಡಬಹುದು, ಸಿಗ್ನಲ್ ಹೊರಗೆ ಹೋಗಲ್ಲ ಅನ್ನುವಷ್ಟು ಕಮ್ಮಿ. ಹಾಗಿದ್ದರೂ ಕೆಂಪು ಗುಂಡಿಯ ಮುಚ್ಚಳ ಟೇಪ್ ಹಾಕಿ ಮುಚ್ಚಿ. ಅದು ಒತ್ತಿದರೆ ಚಾನೆಲ್ 70ರಲ್ಲಿ ಡಿಜಿಟಲ್ ಅಪಾಯ ಸಂದೇಶ ಹೋಗುತ್ತೆ, ಹತ್ತಿರದ ಹಡಗುಗಳಲ್ಲೆಲ್ಲ ಅಲಾರಂ ಹೊಡೆಯುತ್ತೆ. ಕೈಯಲ್ಲಿ ಹಿಡಿಯುವ ರೇಡಿಯೊಗಳ ಬ್ಯಾಟರಿ ತೆಗೆದಿಡಿ, ಜನ ಸುಮ್ನೆ ಒತ್ತುತ್ತಾರೆ.

ತೀರದಾಚೆ

ಇಪರ್ಬ್‌ಗೆ ನಿಜವಾದ ಪೀಸ್ ಮೇಜಿನ ಮೇಲೆ ಇಡಲೇಬೇಡಿ. 406 ಮೆಗಾಹರ್ಟ್ಸ್‌ನಲ್ಲಿ ಹೋದ ಸಂದೇಶವನ್ನು ಉಪಗ್ರಹ ಹಿಡಿಯುತ್ತೆ, ರಕ್ಷಣಾ ಕೇಂದ್ರದಲ್ಲಿ ಯಾರೋ ಎದ್ದು ಓಡಬೇಕಾಗುತ್ತೆ. ತಯಾರಕರ ಹತ್ತಿರ ಒಳಗೆ ಏನೂ ಇಲ್ಲದ ಡಮ್ಮಿ ಪೀಸ್ ಸಿಗುತ್ತೆ, ಕೇಳಿ ತರಿಸಿಕೊಳ್ಳಿ. ಶೋಗೆ ಮುಂಚೆ ಬರೋ ಹಾಗೆ ಈಗಲೇ ಹೇಳಿಡಿ. ಮಾರಿದ ಪ್ರತಿ ಇಪರ್ಬ್ ಜೊತೆ ನೋಂದಣಿ ಫಾರಂ ಅಲ್ಲೇ ಕೂತು ತುಂಬಿಸಿ ಕಳಿಸಿ. ಮನೆಗೆ ಹೋದ ಮೇಲೆ ಅರ್ಧ ಜನ ಮರೀತಾರೆ.